ಸೀರಿಯಲ್ ಮಾನಿಟರ್‌ನಲ್ಲಿ ಸರಿ, ಪೈಥಾನ್‌ನಲ್ಲಿ ಮೌನ: ಆರ್ಡುಯಿನೋ ಮಾತು ಕೇಳದಿದ್ದಾಗ ದೋಷ ಹುಡುಕುವ ಬಗೆ

ಆರ್ಡುಯಿನೋ ಊನೋ ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್. ಅದರ 7ನೇ ಪಿನ್‌ಗೆ ಒಂದು ರಿಲೇ ಮಾಡ್ಯೂಲ್, ಅಂದರೆ ಬೋರ್ಡ್ ಹೇಳಿದಂತೆ ದೀಪ ಹಾಕಿ ಆರಿಸುವ ಸ್ವಿಚ್. ಕಂಪ್ಯೂಟರ್‌ಗೆ ಯುಎಸ್‌ಬಿ ಕೇಬಲ್. ಪೈಥಾನ್ ಪ್ರೋಗ್ರಾಂ 1 ಕಳಿಸಿದರೆ ದೀಪ ಹತ್ತಬೇಕು, 0 ಕಳಿಸಿದರೆ ಆರಬೇಕು. ಡಿಪ್ಲೊಮಾ, ಬಿಇ ಪ್ರಾಜೆಕ್ಟ್‌ಗಳಲ್ಲಿ ಎಷ್ಟೋ ದೊಡ್ಡ ಹೆಸರಿನ ವ್ಯವಸ್ಥೆಗಳ ಬುಡದಲ್ಲಿ ಇರುವುದು ಇಷ್ಟೇ ಕೆಲಸ. ಇದರ ಬಗ್ಗೆ ಬರುವ ದೂರೂ ಹೆಚ್ಚು ಕಮ್ಮಿ ಒಂದೇ ಥರ ಇರುತ್ತದೆ. ಆರ್ಡುಯಿನೋ ತಂತ್ರಾಂಶದಲ್ಲಿ ಬೋರ್ಡ್ ಜೊತೆ ಮಾತಾಡಲು ಇರುವ ಕಿಟಕಿ, ಸೀರಿಯಲ್ ಮಾನಿಟರ್, ತೆರೆದು 1 ಅಂತ ಟೈಪ್ ಮಾಡಿದರೆ ದೀಪ ಹತ್ತುತ್ತದೆ. ಅದೇ 1 ಅನ್ನು ಪೈಥಾನ್‌ನಿಂದ ಕಳಿಸಿದರೆ ಏನೂ ಆಗುವುದಿಲ್ಲ. ಎರರ್ ಕೂಡ ಬರುವುದಿಲ್ಲ.

ಇಂಥ ಹೊತ್ತಲ್ಲಿ ಕೋಡ್ ತಿದ್ದುವುದು, ವೈರ್ ಬದಲಿಸುವುದು, ಡ್ರೈವರ್ ಮತ್ತೆ ಹಾಕುವುದು ಎಲ್ಲ ಒಟ್ಟಿಗೆ ಶುರುವಾಗುತ್ತದೆ. ಹಾಗೆ ಮಾಡಬೇಡಿ. ತೋಟದ ಕೊನೆಗೆ ನೀರು ಬರದಿದ್ದರೆ ಪೈಪಿನ ನಡುವಿನ ಒಂದು ಜಾಯಿಂಟ್ ಬಿಚ್ಚಿ, ಇಲ್ಲಿವರೆಗೆ ನೀರು ಬಂದಿದೆಯಾ ಅಂತ ನೋಡುತ್ತೇವೆ ಅಲ್ವಾ? ಇಲ್ಲೂ ಅದನ್ನೇ ಮಾಡಬೇಕು. ನೀವು ಕಳಿಸಿದ ಬೈಟ್ ಮೊದಲು ಪೈಥಾನ್‌ನಿಂದ ಆಪರೇಟಿಂಗ್ ಸಿಸ್ಟಂನ ಪೋರ್ಟ್‌ಗೆ ಹೋಗುತ್ತದೆ. ಅಲ್ಲಿಂದ ಕೇಬಲ್ ಮೂಲಕ ಬೋರ್ಡ್ ಮೇಲಿನ ಯುಎಸ್‌ಬಿ ಚಿಪ್‌ಗೆ. ಆ ಚಿಪ್‌ನಿಂದ ಬೋರ್ಡ್‌ನ ಮುಖ್ಯ ಚಿಪ್ ಆದ ಮೈಕ್ರೋಕಂಟ್ರೋಲರ್‌ಗೆ. ಕೊನೆಗೆ ನಿಮ್ಮ ಸ್ಕೆಚ್‌ಗೆ, ಅಂದರೆ ಬೋರ್ಡ್ ಒಳಗೆ ಓಡುವ ಪ್ರೋಗ್ರಾಂಗೆ. ಎಲ್ಲಿವರೆಗೆ ತಲುಪಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಒಂದು ಮಾತು ಮೊದಲೇ ಹೇಳುತ್ತೇನೆ. ರಿಲೇಗೆ 230 ವೋಲ್ಟ್ ಕೊಟ್ಟಿದ್ದರೆ ಈಗಲೇ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಹುಡುಕಾಟವೆಲ್ಲ ಬೋರ್ಡ್ ಮೇಲೇ ಇರುವ, 13ನೇ ಪಿನ್‌ನ ಸಣ್ಣ ಎಲ್‌ಇಡಿ ಮೇಲೆ ಆಗಲಿ. ಅದು ಸರಿಯಾಗಿ ಹತ್ತಿ ಆರಿದ ಮೇಲೆ ರಿಲೇ ಕಡೆಗೆ ಹೋಗೋಣ.

ಪೋರ್ಟ್ ಕಾಣಿಸುತ್ತಲೇ ಇಲ್ಲ

ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ತಂತಿ ಇರುವುದಿಲ್ಲ. ಬೋರ್ಡ್‌ನ ಪವರ್ ಎಲ್‌ಇಡಿ ಚೆನ್ನಾಗೇ ಹತ್ತುತ್ತದೆ. ಹಾಗಾಗಿ ಕೇಬಲ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಕೇಬಲ್ ಸರಿಯಿದ್ದರೆ ಯುಎಸ್‌ಬಿ ಚಿಪ್ ಯಾವುದು ಅಂತ ನೋಡಿ. ಅಸಲಿ ಊನೋ ಆರ್3 ಬೋರ್ಡ್‌ನಲ್ಲಿ ಎಟಿಮೆಗಾ16ಯು2 ಇರುತ್ತದೆ. ಇದಕ್ಕೆ ವಿಂಡೋಸ್ 10 ಮತ್ತು ಅದರ ನಂತರದವುಗಳಲ್ಲಿ ಬೇರೆ ಡ್ರೈವರ್ ಬೇಕಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ತದ್ರೂಪಿ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಸಿಎಚ್340 ಇರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಂಡರೆ ಅದರ ಡ್ರೈವರ್ ಹಾಕಬೇಕು. ಲಿನಕ್ಸ್‌ನಲ್ಲಿ ಎರಡಕ್ಕೂ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ. 16ಯು2 ಇದ್ದರೆ ಪೋರ್ಟ್ ಹೆಸರು ಟಿಟಿವೈ ಎಸಿಎಂ 0, ಸಿಎಚ್340 ಇದ್ದರೆ ಟಿಟಿವೈ ಯುಎಸ್‌ಬಿ 0.

ಉಬುಂಟು 22.04 ಬಳಸುವವರಿಗೆ ಇನ್ನೊಂದು ವಿಚಿತ್ರ ಎದುರಾಗಬಹುದು. ಸಿಎಚ್340 ಬೋರ್ಡ್ ಚುಚ್ಚಿದಾಗ ಪೋರ್ಟ್ ಒಂದು ಕ್ಷಣ ಬಂದು ಮಾಯವಾಗುತ್ತದೆ. ಕರ್ನಲ್ ಲಾಗ್ ತೆಗೆದು ನೋಡಿದರೆ ಅಲ್ಲಿ ಬಿಆರ್‌ಎಲ್‌ಟಿಟಿವೈ ಅನ್ನುವ ಹೆಸರು ಕಾಣುತ್ತದೆ. ಅದು ಕಣ್ಣು ಕಾಣದವರು ಬಳಸುವ ಬ್ರೈಲ್ ಡಿಸ್‌ಪ್ಲೇಗಳನ್ನು ನಡೆಸುವ ತಂತ್ರಾಂಶ. ಕೆಲವು ಬ್ರೈಲ್ ಡಿಸ್‌ಪ್ಲೇಗಳ ಗುರುತಿನ ಸಂಖ್ಯೆಯೂ ಈ ಚಿಪ್‌ನ ಸಂಖ್ಯೆಯೂ ಒಂದೇ, 1ಎ86:7523. ಹಾಗಾಗಿ ಅದು ನಿಮ್ಮ ಬೋರ್ಡನ್ನು ಬ್ರೈಲ್ ಡಿಸ್‌ಪ್ಲೇ ಅಂದುಕೊಂಡು ಹಿಡಿದುಕೊಳ್ಳುತ್ತದೆ. ಆ ಕಂಪ್ಯೂಟರ್‌ನಲ್ಲಿ ಬ್ರೈಲ್ ಬಳಸುವವರು ಯಾರೂ ಇಲ್ಲದಿದ್ದರೆ ಆ ಪ್ಯಾಕೇಜ್ ತೆಗೆದುಬಿಡಿ. ಕಾಲೇಜಿನ ಲ್ಯಾಬ್‌ನಂಥ ಕಡೆ ಬಳಸುವವರು ಇರಬಹುದು. ಅಲ್ಲಿ ಪ್ಯಾಕೇಜ್ ಹಾಗೇ ಇರಲಿ. ಅದರ ಯುಡೆವ್ ನಿಯಮಗಳಲ್ಲಿ (ಯಾವ ಸಾಧನ ಚುಚ್ಚಿದರೆ ಏನು ಮಾಡಬೇಕು ಅಂತ ಲಿನಕ್ಸ್‌ಗೆ ಹೇಳುವ ಫೈಲ್) ಈ ಸಂಖ್ಯೆ ಇರುವ ಸಾಲನ್ನು ಮಾತ್ರ ನಿಷ್ಕ್ರಿಯ ಮಾಡಿ.

ಪೋರ್ಟ್ ಇದೆ, ತೆರೆಯುತ್ತಿಲ್ಲ

ವಿಂಡೋಸ್‌ನಲ್ಲಿ ಆಕ್ಸೆಸ್ ಡಿನೈಡ್ ಅಂತ ಬಂದರೆ ಸೀರಿಯಲ್ ಮಾನಿಟರ್ ಇನ್ನೂ ತೆರೆದೇ ಇದೆ ಅಂತ ಅರ್ಥ. ಅಥವಾ ಹಿಂದಿನ ಸಲ ಓಡಿಸಿದ ಪೈಥಾನ್ ಪ್ರೋಗ್ರಾಂ ಇನ್ನೂ ಸತ್ತಿಲ್ಲ. ವಿಂಡೋಸ್‌ನಲ್ಲಿ ಒಂದು ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ತೆರೆಯಬಹುದು.

ಲಿನಕ್ಸ್‌ನಲ್ಲಿ ಪರ್ಮಿಷನ್ ಡಿನೈಡ್ ಬಂದರೆ ಅದರ ಕಾರಣ ಬೇರೆ. ಉಬುಂಟು, ಡೆಬಿಯನ್‌ಗಳಲ್ಲಿ ನಿಮ್ಮ ಯೂಸರ್ ಡಯಲ್‌ಔಟ್ ಗುಂಪಿನಲ್ಲಿ ಇರಬೇಕು. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ, ಇಲ್ಲದಿದ್ದರೆ ಅದು ಜಾರಿಗೆ ಬರುವುದಿಲ್ಲ. ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಓಡಿಸಿ ದಾಟಿಕೊಳ್ಳುವುದು ನನಗೆ ಇಷ್ಟವಿಲ್ಲ. ಒಮ್ಮೆ ಆ ಅಭ್ಯಾಸ ಬಿದ್ದರೆ ಎಲ್ಲದಕ್ಕೂ ಸುಡೋ ಆಗುತ್ತದೆ.

ಲಿನಕ್ಸ್‌ನಲ್ಲಿ ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಅಲ್ಲಿ ಎರಡು ಪ್ರೋಗ್ರಾಂಗಳು ಒಂದೇ ಪೋರ್ಟನ್ನು ತೆರೆಯಲು ಸಾಧ್ಯ. ಆಗ ಬಂದ ಬೈಟ್‌ಗಳಲ್ಲಿ ಕೆಲವು ಇದಕ್ಕೆ, ಕೆಲವು ಅದಕ್ಕೆ ಹಂಚಿಹೋಗುತ್ತವೆ. ಉತ್ತರದಲ್ಲಿ ನಡುನಡುವೆ ಅಕ್ಷರ ಕಾಣೆಯಾಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ಪೈಥಾನ್ ಕಡೆಯ ಎರಡು ಸಣ್ಣ ವಿಷಯ. ಹಾಕಬೇಕಾದ ಪ್ಯಾಕೇಜ್‌ನ ಹೆಸರು ಪೈಸೀರಿಯಲ್. ಸುಮ್ನೆ ಸೀರಿಯಲ್ ಅಂತ ಹಾಕಿದರೆ ಸಂಬಂಧವೇ ಇಲ್ಲದ ಬೇರೆ ಪ್ಯಾಕೇಜ್ ಬಂದು ಕೂರುತ್ತದೆ. ನಿಮ್ಮ ಫೈಲ್‌ಗೂ ಸೀರಿಯಲ್ ಡಾಟ್ ಪಿವೈ ಅಂತ ಹೆಸರಿಡಬೇಡಿ. ಪೈಥಾನ್ ಲೈಬ್ರರಿಯ ಬದಲು ನಿಮ್ಮ ಫೈಲನ್ನೇ ಇಂಪೋರ್ಟ್ ಮಾಡಿಕೊಳ್ಳುತ್ತದೆ. ಮಾಡ್ಯೂಲ್‌ನಲ್ಲಿ ಸೀರಿಯಲ್ ಅನ್ನುವುದೇ ಇಲ್ಲ ಅಂತ ಎರರ್ ಬಂದರೆ ಕಾರಣ ಈ ಎರಡರಲ್ಲಿ ಒಂದು.

ಒಂದು ಜೋಡಿ ಜಂಪರ್ ವೈರ್‌ನ ಪರೀಕ್ಷೆ

ಪೋರ್ಟ್ ತೆರೆಯಿತು, ಆದರೂ ಉತ್ತರವಿಲ್ಲ. ಈಗ ಪೈಪಿನ ನಡುವಿನ ಜಾಯಿಂಟ್ ಬಿಚ್ಚುವ ಹೊತ್ತು.

ಕೇಬಲ್ ಕಿತ್ತು, ಬೋರ್ಡ್‌ನ ಎಲ್ಲ ಪಿನ್‌ಗಳನ್ನೂ ಖಾಲಿ ಮಾಡಿ. ಒಂದು ಜಂಪರ್ ವೈರನ್ನು ರೀಸೆಟ್ ಪಿನ್‌ನಿಂದ ಗ್ರೌಂಡ್‌ಗೆ ಹಾಕಿ. ಇದರಿಂದ ಮೈಕ್ರೋಕಂಟ್ರೋಲರ್ ರೀಸೆಟ್‌ನಲ್ಲೇ ನಿಂತುಬಿಡುತ್ತದೆ. ನಿಮ್ಮ ಸ್ಕೆಚ್ ಓಡುವುದೇ ಇಲ್ಲ. ಇನ್ನೊಂದು ಜಂಪರ್ ವೈರನ್ನು 0 ಮತ್ತು 1ನೇ ಪಿನ್‌ಗಳ ನಡುವೆ ಹಾಕಿ. ಕೇಬಲ್ ಚುಚ್ಚಿ, ಸೀರಿಯಲ್ ಮಾನಿಟರ್ ತೆರೆದು ನಿಮ್ಮ ಊರಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ.

ಅದೇ ಹೆಸರು ವಾಪಸ್ ಬಂದರೆ ಡ್ರೈವರ್, ಪೋರ್ಟ್, ಕೇಬಲ್, ಯುಎಸ್‌ಬಿ ಚಿಪ್ ನಾಲ್ಕೂ ಚೆನ್ನಾಗಿವೆ. ತೊಂದರೆ ಇರುವುದು ಮೈಕ್ರೋಕಂಟ್ರೋಲರ್‌ನಿಂದ ಆಚೆಗೆ ಅಥವಾ ಪ್ರೋಗ್ರಾಂನಲ್ಲಿ. ಬರದಿದ್ದರೆ ಸ್ಕೆಚ್ ತಿದ್ದುತ್ತಾ ಕೂರುವುದರಲ್ಲಿ ಅರ್ಥವಿಲ್ಲ, ಹಿಂದಿನ ಭಾಗಕ್ಕೆ ವಾಪಸ್ ಹೋಗಿ. ಸೀರಿಯಲ್ ತೊಂದರೆ ಅಂದಾಗ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಇದು. ಎರಡು ನಿಮಿಷದ ಕೆಲಸ, ಖರ್ಚಿಲ್ಲ, ಉತ್ತರ ಹೌದು ಅಥವಾ ಇಲ್ಲ.

ಆದರೆ ಇದರಿಂದ ಬಾಡ್ ರೇಟ್, ಅಂದರೆ ಬೈಟ್ ಕಳಿಸುವ ವೇಗ, ಸರಿಯಿದೆ ಅಂತ ಗೊತ್ತಾಗುವುದಿಲ್ಲ. ಕಳಿಸುವುದೂ ಕೇಳುವುದೂ ಒಂದೇ ಚಿಪ್ ಆಗಿರುವುದರಿಂದ ಯಾವ ವೇಗ ಇಟ್ಟರೂ ಅಕ್ಷರ ಸರಿಯಾಗೇ ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಎರಡೂ ವೈರ್ ತೆಗೆಯಿರಿ.

ಇದೇ ಜಾಗದ ಇನ್ನೊಂದು ದೋಷ. ಊನೋದಲ್ಲಿ 0 ಮತ್ತು 1ನೇ ಪಿನ್‌ಗಳು ಯುಎಸ್‌ಬಿ ಚಿಪ್‌ಗೂ ಸೇರಿವೆ. ಅಲ್ಲಿ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲೋ ಜಿಪಿಎಸ್ಸೋ ಕೂತಿದ್ದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡಲು ಹೋಗುತ್ತಾರೆ. ಸ್ಕೆಚ್ ಅಪ್‌ಲೋಡ್ ಕೂಡ ನಿಂತುಹೋಗುತ್ತದೆ. ಅಪ್‌ಲೋಡ್ ಮಾಡುವ ಪ್ರೋಗ್ರಾಂ ಎವಿಆರ್‌ಡ್ಯೂಡ್ ನಾಟ್ ಇನ್ ಸಿಂಕ್ ಅಂತ ಹೇಳುತ್ತದೆ.

ಪೋರ್ಟ್ ತೆರೆದ ಕೂಡಲೇ ಬೋರ್ಡ್ ರೀಸೆಟ್ ಆಗುತ್ತದೆ

ಶುರುವಿನಲ್ಲಿ ಹೇಳಿದ ದೂರಿಗೆ ಬಹುಪಾಲು ಕಾರಣ ಇದೇ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಮುಂದೆ ತುಂಬ ಹೊತ್ತು ಉಳಿಯುತ್ತದೆ.

ಊನೋದಲ್ಲಿ ಯುಎಸ್‌ಬಿ ಚಿಪ್‌ನ ಡಿಟಿಆರ್ ಅನ್ನುವ ತಂತಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ರೀಸೆಟ್ ಪಿನ್‌ಗೆ ಹೋಗುತ್ತದೆ. ಕಂಪ್ಯೂಟರ್ ಪೋರ್ಟ್ ತೆರೆದಾಗ ಡಿಟಿಆರ್ ಕೆಳಕ್ಕೆ ಇಳಿಯುತ್ತದೆ. ಕೆಪಾಸಿಟರ್ ರೀಸೆಟ್‌ಗೆ ಒಂದು ಸಣ್ಣ ತಟ್ಟು ಕೊಡುತ್ತದೆ. ಬೋರ್ಡ್ ಮೊದಲಿನಿಂದ ಶುರುವಾಗುತ್ತದೆ. ಅಪ್‌ಲೋಡ್ ಮಾಡುವಾಗ ಪ್ರತಿ ಸಲ ರೀಸೆಟ್ ಬಟನ್ ಒತ್ತುವ ಕಷ್ಟ ತಪ್ಪಲಿ ಅಂತ ಮಾಡಿದ ಏರ್ಪಾಡು ಇದು, ಒಳ್ಳೆಯ ಏರ್ಪಾಡೇ. ರೀಸೆಟ್ ಆದ ಮೇಲೆ ಬೂಟ್‌ಲೋಡರ್ ಅನ್ನುವ ಸಣ್ಣ ಪ್ರೋಗ್ರಾಂ ಹೊಸ ಸ್ಕೆಚ್ ಬರುತ್ತದೇನೋ ಅಂತ ಸ್ವಲ್ಪ ಹೊತ್ತು ಕಾಯುತ್ತದೆ. ಊನೋದ ಆಪ್ಟಿಬೂಟ್ ಸುಮಾರು ಒಂದು ಸೆಕೆಂಡ್, ಹಳೆಯ ಬೂಟ್‌ಲೋಡರ್‌ಗಳು ಇನ್ನೂ ಜಾಸ್ತಿ. ಆಮೇಲೆ ನಿಮ್ಮ ಸ್ಕೆಚ್ ಶುರು.

ನಿಮ್ಮ ಪೈಥಾನ್ ಪ್ರೋಗ್ರಾಂ ಏನು ಮಾಡುತ್ತದೆ? ಪೋರ್ಟ್ ತೆರೆಯುತ್ತದೆ, ಮರುಕ್ಷಣವೇ 1 ಕಳಿಸುತ್ತದೆ, ಮುಚ್ಚುತ್ತದೆ. ಆ 1 ತಲುಪುವಾಗ ಸ್ಕೆಚ್ ಎದ್ದೇ ಇಲ್ಲ. ಅದು ಬೂಟ್‌ಲೋಡರ್‌ನ ಕೈಗೆ ಸಿಕ್ಕಿ ಕಳೆದುಹೋಗುತ್ತದೆ. ಸೀರಿಯಲ್ ಮಾನಿಟರ್ ತೆರೆದಾಗಲೂ ರೀಸೆಟ್ ಆಗುತ್ತದೆ. ಆದರೆ ನೀವು ಕೀಬೋರ್ಡ್ ಕಡೆ ನೋಡಿ, 1 ಒತ್ತಿ, ಎಂಟರ್ ಹೊಡೆಯುವಷ್ಟರಲ್ಲಿ ಸ್ಕೆಚ್ ಎದ್ದು ಕೂತಿರುತ್ತದೆ. ಅಲ್ಲಿ ಸರಿಯಾಗಿ ಕೆಲಸ ಮಾಡುವುದಕ್ಕೆ ಕಾರಣ ಅಷ್ಟೇ.

ಖಚಿತ ಮಾಡಿಕೊಳ್ಳಲು ಬೋರ್ಡ್ ಮೇಲೆ ಕಣ್ಣಿಟ್ಟು ಪ್ರೋಗ್ರಾಂ ಓಡಿಸಿ. 13ನೇ ಪಿನ್‌ನ ಎಲ್‌ಇಡಿ ಬೇಗ ಬೇಗ ಮಿನುಗಿ ನಿಂತರೆ ಅದು ಬೂಟ್‌ಲೋಡರ್ ಓಡಿದ ಗುರುತು. ಪೋರ್ಟ್ ತೆರೆದ ಮೇಲೆ ಪ್ರೋಗ್ರಾಂನಲ್ಲಿ ಎರಡು ಸೆಕೆಂಡ್ ಸ್ಲೀಪ್ ಹಾಕಿ. ದೀಪ ಹತ್ತಿದರೆ ರೋಗ ಸಿಕ್ಕಿತು.

ಆದರೆ ಸ್ಲೀಪ್ ರೋಗ ಪತ್ತೆಗೆ ಮಾತ್ರ. ಕಾಯಂ ಮದ್ದು ಬೇರೆ ಇದೆ. ಸ್ಕೆಚ್‌ನ ಸೆಟಪ್ ಭಾಗದ ಕೊನೆಯಲ್ಲಿ ರೆಡಿ ಅನ್ನುವ ಒಂದು ಸಾಲನ್ನು ಕಂಪ್ಯೂಟರ್‌ಗೆ ಕಳಿಸಿ. ಪೈಥಾನ್ ಪೋರ್ಟ್ ತೆರೆದು, ಆ ಸಾಲು ಬರುವವರೆಗೆ ಓದುತ್ತಾ ಕಾಯಲಿ. ಬಂದ ಮೇಲೆ ಮಾತ್ರ ಆಜ್ಞೆ ಕಳಿಸಲಿ. ಐದು ಸೆಕೆಂಡಲ್ಲಿ ಬರದಿದ್ದರೆ ಬೋರ್ಡ್ ಉತ್ತರಿಸುತ್ತಿಲ್ಲ ಅಂತ ಹೇಳಿ ನಿಲ್ಲಲಿ. ಈ ರೆಡಿ ಸಾಲನ್ನು ಎಲ್ಲ ಸ್ಕೆಚ್‌ಗಳಲ್ಲೂ ಇಡಿ. ಇದು ಇನ್ನೊಂದು ದೊಡ್ಡ ಕೆಲಸಕ್ಕೂ ಬರುತ್ತದೆ, ಮುಂದೆ ನೋಡೋಣ.

ಇದೇ ದೋಷ ಇನ್ನೊಂದು ವೇಷದಲ್ಲೂ ಬರುತ್ತದೆ. ವೆಬ್ ಪೇಜ್‌ನ ಒಂದೊಂದು ಬಟನ್ ಒತ್ತಿದಾಗಲೂ ಪ್ರೋಗ್ರಾಂ ಪೋರ್ಟ್ ತೆರೆದು ಮುಚ್ಚುತ್ತದೆ ಅಂತಿಟ್ಟುಕೊಳ್ಳಿ. ಎರಡನೇ ದೀಪ ಹಾಕಿದರೆ ಮೊದಲನೇ ದೀಪ ಆರಿಹೋಗುತ್ತದೆ. ವೈರಿಂಗ್ ಕೆಟ್ಟಿದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆಗಿದ್ದು ರೀಸೆಟ್. ಪೋರ್ಟನ್ನು ಒಮ್ಮೆ ತೆರೆದು ತೆರೆದೇ ಇಡಿ. ಅದು ಆಗದ ಮಾತು ಅನ್ನಿಸಿದರೆ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಹಾಕಿ. ಪ್ಲಸ್ ಕಾಲು ರೀಸೆಟ್‌ಗೆ. ಆ ಸಣ್ಣ ತಟ್ಟನ್ನು ಅದು ನುಂಗಿಕೊಳ್ಳುತ್ತದೆ. ಹೊಸ ಸ್ಕೆಚ್ ಹಾಕುವಾಗ ಮಾತ್ರ ಅದನ್ನು ಕೀಳಲೇಬೇಕು.

ಅಕ್ಷರ ಬರುತ್ತಿದೆ, ಅರ್ಥ ಆಗುತ್ತಿಲ್ಲ

ಪರದೆ ಮೇಲೆ ಪ್ರಶ್ನಾರ್ಥಕ ಚಿಹ್ನೆ, ಚೌಕ, ಕಸ ಬರುತ್ತಿದ್ದರೆ ಬಾಡ್ ರೇಟ್ ಹೊಂದಿಲ್ಲ. ಸ್ಕೆಚ್‌ನಲ್ಲಿ 115200, ಪೈಥಾನ್‌ನಲ್ಲಿ 9600 ಇರಬಹುದು. ಎರಡನ್ನೂ ಒಂದೇ ಮಾಡಿ, ಮುಗಿಯಿತು. ಇಎಸ್‌ಪಿ8266 ಅನ್ನುವ ವೈಫೈ ಬೋರ್ಡ್‌ಗಳಲ್ಲಿ ಶುರುವಿನಲ್ಲಿ ಮಾತ್ರ ಒಂದೆರಡು ಸಾಲು ಕಸ ಬಂದರೆ ಗಾಬರಿ ಬೇಡ. ಅದರ ಬೂಟ್ ಸಂದೇಶ 74880 ವೇಗದಲ್ಲಿ ಬರುತ್ತದೆ. ಆಮೇಲೆ ನಿಮ್ಮ ಸ್ಕೆಚ್‌ನ ವೇಗ.

ಕಸ ಇಲ್ಲ, ಆದರೂ ದೀಪ ಹತ್ತುವುದಿಲ್ಲ ಅಂದರೆ ಸ್ಕೆಚ್‌ಗೆ ಬಂದ ಪ್ರತಿ ಬೈಟ್‌ನ ಸಂಖ್ಯೆಯನ್ನು ವಾಪಸ್ ಕಳಿಸುವ ಹಾಗೆ ಮಾಡಿ. ನೀವು 1 ಕಳಿಸಿದಾಗ 49 ಅಂತ ಬರುತ್ತದೆ, ಯಾಕೆಂದರೆ 1 ಅನ್ನುವ ಅಕ್ಷರದ ಆಸ್ಕಿ ಸಂಖ್ಯೆ 49. ಸ್ಕೆಚ್‌ನಲ್ಲಿ ಕೋಟ್ ಗುರುತಿಲ್ಲದ ಬರೀ 1ರ ಜೊತೆ ಹೋಲಿಸಿದ್ದರೆ ಅದು ಯಾವತ್ತೂ ಹೊಂದುವುದಿಲ್ಲ. 49ರ ನಂತರ 13, 10 ಕೂಡ ಬಂದರೆ ಅವು ಸಾಲಿನ ಕೊನೆಯ ಗುರುತುಗಳು. ಸೀರಿಯಲ್ ಮಾನಿಟರ್ ಇವನ್ನು ತಾನೇ ಸೇರಿಸಬಹುದು, ಪೈಥಾನ್ ಸೇರಿಸುವುದಿಲ್ಲ. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಅನ್ನುವುದಕ್ಕೆ ಇದು ಎರಡನೇ ದೊಡ್ಡ ಕಾರಣ.

ಇಲ್ಲಿ ಒಂದು ಸೆಕೆಂಡ್ ಅನ್ನುವುದು ದೊಡ್ಡ ಸುಳಿವು. ದೀಪ ಹತ್ತಿ, ಸರಿಯಾಗಿ ಒಂದು ಸೆಕೆಂಡ್ ಬಿಟ್ಟು ತಾನೇ ಆರಿತೇ? ಸ್ಕೆಚ್‌ನಲ್ಲಿ ಅಂಕೆ ಓದುವ ಪಾರ್ಸ್‌ಇಂಟ್ ಇದೆಯಾ ನೋಡಿ. ಅದು 1 ಓದಿ ದೀಪ ಹಾಕುತ್ತದೆ. ಹಿಂದೆ ಉಳಿದ 10 ಅನ್ನುವ ಬೈಟ್ ನೋಡಿ ಮತ್ತೆ ಅಂಕೆ ಹುಡುಕುತ್ತದೆ. ಒಂದು ಸೆಕೆಂಡ್ ಕಾದು, ಏನೂ ಸಿಗದೆ 0 ಅಂತ ಹೇಳುತ್ತದೆ. ನಿಮ್ಮ ಸ್ಕೆಚ್ ಅದನ್ನು ಆರಿಸುವ ಆಜ್ಞೆ ಅಂದುಕೊಳ್ಳುತ್ತದೆ. ಇನ್ನು ಪ್ರತಿ ಆಜ್ಞೆಯೂ ಒಂದು ಸೆಕೆಂಡ್ ತಡವಾಗಿ ನಡೆಯುತ್ತಿದ್ದರೆ ಪಠ್ಯ ಓದುವ ರೀಡ್‌ಸ್ಟ್ರಿಂಗ್ ಥರದ್ದು ಟೈಮ್‌ಔಟ್‌ಗೆ ಕಾಯುತ್ತಿದೆ. ಪಾರ್ಸ್‌ಇಂಟ್, ರೀಡ್‌ಸ್ಟ್ರಿಂಗ್ ಎರಡಕ್ಕೂ ಕಾಲಮಿತಿ ತಾನಾಗಿ 1000 ಮಿಲಿಸೆಕೆಂಡ್ ಇರುತ್ತದೆ. ದೀಪದಂಥ ಕೆಲಸಕ್ಕೆ ಒಂದೊಂದೇ ಅಕ್ಷರ ಓದಿ, 13 ಮತ್ತು 10 ಬಂದರೆ ಬಿಟ್ಟುಬಿಡಿ. ಅದೇ ಸುಲಭ, ಅದೇ ಗಟ್ಟಿ.

ಸ್ಕೆಚ್‌ನಲ್ಲಿ ಉದ್ದ ಡಿಲೇ ಇದ್ದರೆ ಆಜ್ಞೆಗಳು ಕಳೆದುಹೋಗಬಹುದು. ಊನೋದಲ್ಲಿ ಬಂದ ಬೈಟ್‌ಗಳು ಕಾಯುವ ಜಾಗ 64 ಬೈಟ್ ಅಷ್ಟೇ. 9600 ವೇಗದಲ್ಲಿ ಒಂದು ಬೈಟ್‌ಗೆ ಸುಮಾರು ಒಂದು ಮಿಲಿಸೆಕೆಂಡ್ ಹಿಡಿಯುತ್ತದೆ. ಎಡೆಬಿಡದೆ ಕಳಿಸಿದರೆ 70 ಮಿಲಿಸೆಕೆಂಡ್ ಒಳಗೇ ಅದು ತುಂಬಿಹೋಗುತ್ತದೆ. 115200ರಲ್ಲಿ 6 ಮಿಲಿಸೆಕೆಂಡ್ ಕೂಡ ಬೇಕಾಗಿಲ್ಲ. ಆಮೇಲೆ ಬಂದದ್ದೆಲ್ಲ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಪೈಥಾನ್ ಕಡೆ ಯೂನಿಕೋಡ್ ಸ್ಟ್ರಿಂಗ್ ನಡೆಯುವುದಿಲ್ಲ ಅಂತ ಎರರ್ ಬಂದರೆ ಕಳಿಸುವ ಪಠ್ಯವನ್ನು ಎನ್‌ಕೋಡ್ ಮಾಡಿ ಬೈಟ್ ಆಗಿಸಿ. ಓದುವಾಗ ಪ್ರೋಗ್ರಾಂ ಹಾಗೇ ನಿಂತುಬಿಟ್ಟರೆ ಪೋರ್ಟ್ ತೆರೆಯುವಾಗ ಟೈಮ್‌ಔಟ್ ಕೊಟ್ಟಿಲ್ಲ. ಕೊಡದಿದ್ದರೆ ಪೈಸೀರಿಯಲ್ ಕೊನೆಯಿಲ್ಲದೆ ಕಾಯುತ್ತದೆ.

ಆಜ್ಞೆಗಳನ್ನು ಕನ್ನಡದಲ್ಲೇ ಇಡುವ ಆಸೆ ಇರುವವರಿಗೆ ಒಂದು ಎಚ್ಚರ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. 'ಆನ್' ಅನ್ನುವ ಪುಟ್ಟ ಪದದಲ್ಲಿ ಆ, ನ, ಅರ್ಧಾಕ್ಷರದ ಗುರುತು ಸೇರಿ 9 ಬೈಟ್. ಕೆಲವು ಕೀಬೋರ್ಡ್‌ಗಳು ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಇನ್ನೊಂದು ಗುರುತನ್ನೂ ಹಾಕುತ್ತವೆ. ಆಗ 12 ಬೈಟ್. ನೋಡಲು ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಆದ್ದರಿಂದ ತಂತಿ ಮೇಲೆ 1, 0 ಥರದ ಒಂದಕ್ಷರದ ಆಜ್ಞೆಯೇ ಹೋಗಲಿ. ಕಂಪ್ಯೂಟರ್ ಪರದೆಯ ಬಟನ್ ಮೇಲೆ 'ದೀಪ ಹಚ್ಚಿ' ಅಂತ ಧಾರಾಳವಾಗಿ ಕನ್ನಡದಲ್ಲೇ ಬರೆಯಿರಿ.

ಎಲ್‌ಇಡಿ ಸರಿ, ರಿಲೇ ಉಲ್ಟಾ

1 ಕಳಿಸಿದರೆ ಆರುತ್ತದೆ, 0 ಕಳಿಸಿದರೆ ಹತ್ತುತ್ತದೆ. ಹಲವು ರಿಲೇ ಮಾಡ್ಯೂಲ್‌ಗಳು ಪಿನ್ ಲೋ, ಅಂದರೆ 0 ವೋಲ್ಟ್, ಆದಾಗ ಆನ್ ಆಗುತ್ತವೆ. ಇದು ದೋಷವಲ್ಲ, ಸ್ಕೆಚ್‌ನಲ್ಲಿ ತಿರುಗಿಸಿ ಬರೆದರೆ ಆಯಿತು. ಮಾಡ್ಯೂಲ್ ಇಲ್ಲದ ಬರೀ ರಿಲೇಯನ್ನು ನೇರವಾಗಿ ಪಿನ್‌ಗೆ ಕೊಟ್ಟಿದ್ದರೆ ಈಗಲೇ ತೆಗೆಯಿರಿ. 5 ವೋಲ್ಟ್‌ನ ಸಾಮಾನ್ಯ ರಿಲೇಯ ಕಾಯಿಲ್ 70 ಮಿಲಿಆಂಪ್ ಆಸುಪಾಸು ಎಳೆಯುತ್ತದೆ. ಊನೋ ಪಿನ್‌ನ ಗರಿಷ್ಠ ಮಿತಿಯೇ 40. ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು.

ಸ್ವಲ್ಪ ಹೊತ್ತು ನಡೆದು ನಿಂತುಹೋಗುತ್ತದೆ

ಕೋಡ್ ಸರಿ, ವೈರ್ ಸರಿ, ಬೆಳಿಗ್ಗೆಯೆಲ್ಲ ನಡೆದಿದೆ. ಪಂಪ್ ಜೋಡಿಸಿದ ಮೇಲೆ ಆಗಾಗ ನಿಲ್ಲುತ್ತಿದೆ. ಈಗ ರೆಡಿ ಸಾಲು ಸಹಾಯಕ್ಕೆ ಬರುತ್ತದೆ. ಬೋರ್ಡ್‌ನಿಂದ ಬಂದ ಎಲ್ಲ ಸಾಲುಗಳನ್ನೂ ಸಮಯದ ಜೊತೆ ಒಂದು ಫೈಲ್‌ಗೆ ಬರೆದಿಡಿ. ಪೋರ್ಟ್ ಮತ್ತೆ ತೆರೆದೇ ಇಲ್ಲ, ಆದರೂ ನಡುವೆ ರೆಡಿ ಅಂತ ಬಂದಿದೆ ಅಂದರೆ ಬೋರ್ಡ್ ತಾನಾಗಿ ರೀಸೆಟ್ ಆಗಿದೆ. ಅದರ ಹಿಂದಿನ ಆಜ್ಞೆ ಯಾವುದು ಅಂತ ನೋಡಿ. ಪಂಪ್ ಆಫ್ ಮಾಡಿದ ಬೆನ್ನಿಗೇ ಬಂದಿದ್ದರೆ ಅನುಮಾನ ಬಹುಮಟ್ಟಿಗೆ ಕರೆಂಟಿನ ಕಡೆಗೆ.

ಎರಡು ಭಾಗ ಮಾಡಿ ನೋಡಿ. ರಿಲೇ ಹಾಗೇ ಇರಲಿ, ಪಂಪ್‌ನ ವೈರ್ ಮಾತ್ರ ಬಿಡಿಸಿ. ರಿಲೇ ಬರೀ ಟಿಕ್ ಟಿಕ್ ಅನ್ನುತ್ತಿರಲಿ. ತೊಂದರೆ ಮುಂದುವರಿದರೆ ಕಾಯಿಲ್‌ಗೆ ಬೇಕಾದಷ್ಟು ಕರೆಂಟ್ ಯುಎಸ್‌ಬಿಯಿಂದ ಸಿಗುತ್ತಿಲ್ಲ. ಊನೋದ ಯುಎಸ್‌ಬಿ ಫ್ಯೂಸ್ 500 ಮಿಲಿಆಂಪ್‌ನದು. ರಿಲೇ, ಸರ್ವೋಗಳಿಗೆ ಬೇರೆ 5 ವೋಲ್ಟ್ ಸಪ್ಲೈ ಕೊಡಿ. ಐಸೊಲೇಶನ್ (ಎರಡು ಸರ್ಕ್ಯೂಟ್‌ಗಳನ್ನು ಬೇರೆಯಾಗಿಡುವ ಏರ್ಪಾಡು) ಇಲ್ಲದ ಕಡೆ ಎರಡೂ ಸಪ್ಲೈಗಳ ಗ್ರೌಂಡ್ ಸೇರಿಸುವುದನ್ನು ಮರೆಯಬೇಡಿ.

ಪಂಪ್ ಬಿಡಿಸಿದಾಗ ತೊಂದರೆ ಮಾಯವಾದರೆ, ರಿಲೇಯ ಕಾಂಟ್ಯಾಕ್ಟ್ ಬಿಡುವಾಗ ಹುಟ್ಟುವ ಕಿಡಿಯ ಗದ್ದಲ ಬೋರ್ಡ್‌ಗೋ ಯುಎಸ್‌ಬಿ ಕೇಬಲ್‌ಗೋ ನುಗ್ಗುತ್ತಿದೆ. ಲಿನಕ್ಸ್ ಕರ್ನಲ್ ಲಾಗ್ ನೋಡಿ. ಇಂಥ ಹೊತ್ತಲ್ಲಿ ಯುಎಸ್‌ಬಿ ಪೋರ್ಟನ್ನು ಹಬ್ ನಿಲ್ಲಿಸಿದೆ ಅಂತ ಬರೆದು, ಪಕ್ಕದಲ್ಲಿ ಇಎಂಐ (ವಿದ್ಯುತ್ಕಾಂತೀಯ ಗದ್ದಲ) ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿರುತ್ತದೆ. ಕರ್ನಲ್ ಬರೆದವರೇ ಈ ಅನುಮಾನವನ್ನು ಅಲ್ಲಿ ಇಟ್ಟಿದ್ದಾರೆ. ಡಿಸಿ ಪಂಪ್ ಆದರೆ ಅದರ ಎರಡು ತುದಿಗೆ 1ಎನ್4007 ಡಯೋಡ್ ಹಾಕಿ, ಬಿಳಿ ಗೆರೆ ಇರುವ ಕಡೆ ಪ್ಲಸ್‌ಗೆ. ಎಸಿ ಪಂಪ್‌ಗೆ ಡಯೋಡ್ ಹಾಕಲೇಬಾರದು. ಅಲ್ಲಿ ಬೇಕಾದದ್ದು ಆರ್‌ಸಿ ಸ್ನಬ್ಬರ್, ಅಂದರೆ ಕಿಡಿ ತಗ್ಗಿಸುವ ರೆಸಿಸ್ಟರ್, ಕೆಪಾಸಿಟರ್ ಜೋಡಿ. 230 ವೋಲ್ಟ್ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಅದನ್ನು ಹಾಕಿಸಿ. ಯುಎಸ್‌ಬಿ ಕೇಬಲ್ ಗಿಡ್ಡವಾಗಿರಲಿ, ಮೇನ್ಸ್ ವೈರ್ ಜೊತೆ ಕಟ್ಟಿ ಓಡಿಸಬೇಡಿ.

ಸಂಪರ್ಕ ಕಡಿದು ಮತ್ತೆ ಬಂದಾಗ ಲಿನಕ್ಸ್‌ನಲ್ಲಿ ಪೋರ್ಟ್‌ನ ಹೆಸರೇ ಬದಲಾಗಬಹುದು. ಹಳೆಯದನ್ನು ನಿಮ್ಮ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿದ್ದರೆ ಟಿಟಿವೈ ಯುಎಸ್‌ಬಿ 0 ಹೋಗಿ ಟಿಟಿವೈ ಯುಎಸ್‌ಬಿ 1 ಬರುತ್ತದೆ. ಎರರ್ ಬಂದ ಕೂಡಲೇ ಪೋರ್ಟ್ ಮುಚ್ಚಿ. ಡೆವ್ ಫೋಲ್ಡರ್‌ನ ಸೀರಿಯಲ್ ಒಳಗೆ ಬೈ-ಐಡಿ ಅಂತ ಇದೆ, ಅಲ್ಲಿಯ ಹೆಸರು ಬಳಸಿ. ಸಿಎಚ್340 ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಸೀರಿಯಲ್ ನಂಬರ್ ಇರುವುದಿಲ್ಲ. ಅಂಥ ಎರಡು ಬೋರ್ಡ್ ಇದ್ದರೆ ಬೈ-ಪಾತ್ ಬಳಸಿ, ಯಾವ ಬೋರ್ಡ್ ಯಾವ ಸಾಕೆಟ್‌ಗೆ ಅಂತ ಚೀಟಿ ಅಂಟಿಸಿ.

ಮತ್ತೆ ತೆರೆದ ಮೇಲೆ ಪ್ರೋಗ್ರಾಂ ರೆಡಿ ಸಾಲಿಗೆ ಕಾಯಲಿ, ಆಮೇಲೆ ಕೊನೆಯ ಆಜ್ಞೆಯನ್ನು ಇನ್ನೊಮ್ಮೆ ಕಳಿಸಲಿ. ರೀಸೆಟ್ ಆದ ಬೋರ್ಡ್‌ಗೆ ಹಿಂದಿನದು ನೆನಪಿರುವುದಿಲ್ಲ. ಪಂಪ್ ವಿಷಯದಲ್ಲಿ ಮಾತ್ರ ಹೀಗೆ ತಾನಾಗಿ ಮತ್ತೆ ಕಳಿಸುವುದು ಬೇಡ, ಮನುಷ್ಯರು ನೋಡಿ ಒತ್ತಲಿ. ಲೋ ಆದಾಗ ಆನ್ ಆಗುವ ಮಾಡ್ಯೂಲ್ ಆದರೆ ಸೆಟಪ್‌ನಲ್ಲಿ ಮೊದಲು ಪಿನ್‌ಗೆ ಹೈ ಬರೆದು, ನಂತರ ಅದನ್ನು ಔಟ್‌ಪುಟ್ ಮಾಡಿ. ತಿರುವು ಮುರುವು ಬರೆದರೆ ಪ್ರತಿ ರೀಸೆಟ್‌ಗೂ ರಿಲೇ ಒಂದು ಕ್ಷಣ ಎಳೆದು ಬಿಡುತ್ತದೆ, ಪಂಪ್ ಒಮ್ಮೆ ಜಗ್ಗುತ್ತದೆ.